ಮುಂದಿನ ನೀರು ಎಲ್ಲಿ?

ಗೆಳೆಯ ತಲೆ ಸುತ್ತಿ ಬಂಡೆಯ ಮೇಲೆ ಕೂತುಬಿಟ್ಟಾಗ ಬೆಳಿಗ್ಗೆ ಹನ್ನೊಂದೂವರೆ ಗಂಟೆ. 2025ರ ಫೆಬ್ರುವರಿ ಕೊನೆಯ ಭಾನುವಾರ. ದೊಡ್ಡಬಳ್ಳಾಪುರದ ಆಚೆಯ ಒಂದು ಕಲ್ಲುಬೆಟ್ಟದಿಂದ ನಾವು ಏಳು ಜನ ಕ್ಲಾಸ್‌ಮೇಟ್‌ಗಳು ಇಳಿಯುತ್ತಿದ್ದೆವು. ಬೆಳಿಗ್ಗೆ ಆರಕ್ಕೆ ಹತ್ತಿ ಒಂಬತ್ತಕ್ಕೆಲ್ಲ ಇಳಿದುಬಿಡೋಣ ಎಂದು ಪ್ಲ್ಯಾನ್ ಹಾಕಿದವರು, ರೈಲು ತಪ್ಪಿಸಿಕೊಂಡು, ದಾರಿಯಲ್ಲಿ ತಟ್ಟೆ ಇಡ್ಲಿಗೆ ನಿಂತು, ಹತ್ತಲು ಶುರು ಮಾಡಿದ್ದೇ ಎಂಟೂವರೆಗೆ. ತಲಾ ಒಂದು ಲೀಟರಿನ ಒಂದೊಂದು ಬಾಟಲಿ. ತುದಿಯಲ್ಲಿ ಫೋಟೊ, ರೀಲ್ಸ್, ಖಾರದ ಚಿಪ್ಸ್. ಚಿಪ್ಸ್ ತಿಂದ ಮೇಲೆ ಬಾಟಲಿಗಳು ಒಂದೊಂದಾಗಿ ಖಾಲಿಯಾದವು. ‘ಕೆಳಗೆ ಅಂಗಡಿ ಇದೆಯಲ್ಲ’ ಎಂಬ ಧೈರ್ಯ.

ಇಳಿಯುವಾಗ ಬಂಡೆ ಕಾದಿತ್ತು. ನೆರಳಿಗೆ ಒಂದು ಮರ ಇಲ್ಲ. ಅವನ ಮುಖ ಕೆಂಪಗಾಗಿ, ಕೈ ನಡುಗುತ್ತಿತ್ತು. ‘ಯಾರ ಹತ್ರ ಆದ್ರೂ ನೀರಿದೆಯೇನ್ರೋ?’ ಎಂದು ಒಬ್ಬ ಕೇಳಿದ. ಯಾರೂ ಮಾತಾಡಲಿಲ್ಲ. ನನ್ನ ಬ್ಯಾಗಿನಲ್ಲಿ ಅರ್ಧ ಬಾಟಲಿ ಇತ್ತು. ಇನ್ನೂ ಒಂದು ಗಂಟೆ ಇಳಿಯಬೇಕು, ನನಗೇ ಬೇಕಾಗಬಹುದು ಎಂದು ಮನಸ್ಸಿನಲ್ಲೇ ಲೆಕ್ಕ ಹಾಕಿ ಸುಮ್ಮನಿದ್ದೆ. ಎರಡೇ ನಿಮಿಷ ಇರಬಹುದು. ಅಷ್ಟರಲ್ಲಿ ಅವನು ವಾಂತಿ ಮಾಡಿಕೊಂಡ. ಆಗ ಬಾಟಲಿ ತೆಗೆದು ಕೊಟ್ಟೆ. ‘ನಿನ್ನ ಹತ್ರ ಇತ್ತಾ?’ ಎಂದು ಪಕ್ಕದವನು ಕೇಳಿದ. ಆ ಪ್ರಶ್ನೆಗೆ ನಾನು ಇವತ್ತಿಗೂ ಉತ್ತರ ಕೊಟ್ಟಿಲ್ಲ.

ಮುಂದೆ ದೊಡ್ಡ ಅನಾಹುತವೇನೂ ಆಗಲಿಲ್ಲ. ಬೆಟ್ಟದ ಬುಡದ ತೋಟದ ಮನೆಯವರು ಒಂದು ಬಿಂದಿಗೆ ನೀರು, ಉಪ್ಪು ಹಾಕಿದ ಮಜ್ಜಿಗೆ ಕೊಟ್ಟರು. ಕ್ಲಿನಿಕ್ಕಿನಲ್ಲಿ ಡ್ರಿಪ್ ಹಾಕಿಸಿ ಸಂಜೆಯ ಹೊತ್ತಿಗೆ ಅವನನ್ನು ಮನೆಗೆ ಸೇರಿಸಿದೆವು. ರಾತ್ರಿ ವಾಟ್ಸ್‌ಆ್ಯಪ್ ಗ್ರೂಪಿನಲ್ಲಿ ಎಲ್ಲರೂ ಒಪ್ಪಿದ ತೀರ್ಮಾನ ಒಂದೇ: ‘ನೆಕ್ಸ್ಟ್ ಟೈಮ್ ಎರಡೆರಡು ಬಾಟಲಿ ತರೋಣ.’

ಈ ತೀರ್ಮಾನ ಸಾಲದು ಎನ್ನುವುದೇ ನನ್ನ ಈ ಲೇಖನ. ಎರಡು ಬಾಟಲಿ ಇದ್ದಿದ್ದರೂ ನಾವು ತುದಿಯಲ್ಲೇ ಎರಡನ್ನೂ ಖಾಲಿ ಮಾಡುತ್ತಿದ್ದೆವು. ನಮ್ಮ ಬಳಿ ನೀರು ಕಡಿಮೆ ಇತ್ತು ನಿಜ. ಅದಕ್ಕಿಂತ ಹೆಚ್ಚಾಗಿ, ಯಾರ ಬಳಿ ಎಷ್ಟಿದೆ, ಮುಂದಿನ ನೀರು ಎಲ್ಲಿದೆ, ಅಲ್ಲಿಗೆ ತಲುಪಲು ಎಷ್ಟು ಹೊತ್ತು ಬೇಕು ಎನ್ನುವುದು ಏಳು ಜನರಲ್ಲಿ ಒಬ್ಬನಿಗೂ ಗೊತ್ತಿರಲಿಲ್ಲ.

ಪರೀಕ್ಷೆಯಲ್ಲಿ 135 ಲೀಟರ್

ನಾಚಿಕೆಯ ಸಂಗತಿ ಎಂದರೆ ನಾನು ಓದುತ್ತಿರುವುದು ಸಿವಿಲ್ ಇಂಜಿನಿಯರಿಂಗ್. ನಗರದ ಒಬ್ಬ ವ್ಯಕ್ತಿಗೆ ದಿನಕ್ಕೆ 135 ಲೀಟರ್ ನೀರು ಬೇಕು ಎಂದು ಬರೆದು ಅಂಕ ತೆಗೆದುಕೊಂಡವನು. ಊರಿಗೆ ಎಷ್ಟು ನೀರು, ಟ್ಯಾಂಕ್ ಎಷ್ಟು ದೊಡ್ಡದಿರಬೇಕು, ಪಂಪು ಎಷ್ಟು ಗಂಟೆ ಓಡಬೇಕು ಎಂದು ಲೆಕ್ಕ ಮಾಡಬಲ್ಲೆ. ನಾಲ್ಕು ಗಂಟೆ ಬಿಸಿಲಲ್ಲಿ ನಡೆಯುವ ನನ್ನ ಒಂದು ದೇಹಕ್ಕೆ ಎಷ್ಟು ಬೇಕು ಎಂದು ಯೋಚಿಸಿರಲಿಲ್ಲ.

ಅದೂ ನೀರಿನ ಬೆಲೆ ಗೊತ್ತಿಲ್ಲದ ಮನೆಯಲ್ಲ ನಮ್ಮದು. ನಾವಿರುವುದು ಬ್ಯಾಟರಾಯನಪುರದಲ್ಲಿ. 2024ರ ಬೇಸಿಗೆಯಲ್ಲಿ ನಮ್ಮ ಕಟ್ಟಡದ ಬೋರ್‌ವೆಲ್ ಬತ್ತಿದಾಗ ಟ್ಯಾಂಕರ್ ಬರುವ ದಿನವೇ ನಮಗೆ ಹಬ್ಬ. ಆ ಮಾರ್ಚ್‌ನಲ್ಲಿ ಜಿಲ್ಲಾಡಳಿತ ಟ್ಯಾಂಕರ್‌ಗಳಿಗೆ ದರ ನಿಗದಿ ಮಾಡಬೇಕಾಗಿ ಬಂತು, 5 ಕಿ.ಮೀ. ಒಳಗೆ 6,000 ಲೀಟರಿಗೆ 600 ರೂಪಾಯಿ ಎಂದು. ಅಮ್ಮ ಪಾತ್ರೆಗೆ ಎರಡು ಬಕೆಟ್, ಬಟ್ಟೆಗೆ ಮೂರು, ಸ್ನಾನಕ್ಕೆ ತಲಾ ಒಂದು ಎಂದು ಲೆಕ್ಕ ಇಟ್ಟಿದ್ದರು. ಟ್ಯಾಂಕರ್ ಒಂದು ದಿನ ತಡವಾದರೆ ಇರಲಿ ಎಂದು ಒಂದು ಡ್ರಮ್ ಮುಚ್ಚಿ ಇಟ್ಟಿದ್ದರು. ಅದನ್ನು ಮುಟ್ಟಿದವರಿಗೆ ಬೈಗುಳ ಗ್ಯಾರಂಟಿ. ಅದೇ ವರ್ಷದ ಅಕ್ಟೋಬರಿನಲ್ಲಿ ಕಾವೇರಿ ಐದನೇ ಹಂತ ಉದ್ಘಾಟನೆಯಾಯಿತು, ಅಮ್ಮನ ಡ್ರಮ್ಮು ಮಾತ್ರ ಬಾಲ್ಕನಿಯಲ್ಲಿ ಹಾಗೇ ಇದೆ. ಮನೆಯೊಳಗೆ ಇಷ್ಟು ಶಿಸ್ತು ನೋಡಿದವನು ಬೆಟ್ಟಕ್ಕೆ ಹೋಗುವಾಗ ಅದನ್ನು ಮನೆಯಲ್ಲೇ ಬಿಟ್ಟು ಹೋಗಿದ್ದೆ.

ಕಾಕಾನ ಜೊತೆ ನಲ್ಲಮಲದಲ್ಲಿ

ಬೆಟ್ಟದ ಕಥೆ ಅಪ್ಪನ ಮೂಲಕ ಊರಿಗೆ ತಲುಪಿತು. ಅಪ್ಪ ವಿಜಯಪುರ ಜಿಲ್ಲೆಯ ಇಂಡಿ ಕಡೆಯವರು. ಊರಲ್ಲೇ ಉಳಿದ ನಮ್ಮ ಕಾಕಾ ಪ್ರತಿ ವರ್ಷ ಯುಗಾದಿಗೆ ಶ್ರೀಶೈಲಕ್ಕೆ ನಡೆದು ಹೋಗುತ್ತಾರೆ. ನಾನೂರು ಕಿಲೋಮೀಟರಿಗೂ ಹೆಚ್ಚು, ಎರಡು ವಾರದ ನಡಿಗೆ. ಫೋನಿನಲ್ಲಿ ನಕ್ಕರು: ‘ತಾಸ ಎರಡ ತಾಸಿನ ಗುಡ್ಡಕ್ಕ ಹೋಗಿ ನೀರಿಲ್ಲದ ಬಿದ್ದ ಬಂದ್ರೆನು? ಈ ಸಲ ನನ್ನ ಕೂಡ ಬಾ ತಮ್ಮಾ, ನಡಿಯೂದು ಕಲಸ್ತೀನಿ.’

ಟ್ರೆಕ್ಕಿಂಗ್ ಎಂದರೆ ನಮಗೆ ಬ್ರ್ಯಾಂಡೆಡ್ ಶೂ, ಹೈಡ್ರೇಷನ್ ಬ್ಯಾಗ್ ನೆನಪಾಗುತ್ತದೆ. ಆದರೆ ಕನ್ನಡಿಗರ ಅತಿ ದೂರದ ಕಾಲುದಾರಿ ಇದೇ ಇರಬೇಕು. ವಿಜಯಪುರ, ಬಾಗಲಕೋಟೆ, ಬೆಳಗಾವಿ, ರಾಯಚೂರು ಕಡೆಯಿಂದ, ಮಹಾರಾಷ್ಟ್ರದ ಗಡಿಯಿಂದಲೂ ಪ್ರತಿ ಯುಗಾದಿಗೆ ಜನ ಕಂಬಿ ಹೊತ್ತು ಮಲ್ಲಯ್ಯನ ದರ್ಶನಕ್ಕೆ ನಡೆಯುತ್ತಾರೆ. ಭ್ರಮರಾಂಬೆ ಅವರಿಗೆ ಮನೆಮಗಳು. ಹಬ್ಬಕ್ಕೆ ಅವಳಿಗೆ ಸೀರೆ, ಕುಂಕುಮ ಒಯ್ಯಬೇಕು. 12ನೇ ಶತಮಾನದ ಅಕ್ಕಮಹಾದೇವಿ ಹುಡುಕಿಕೊಂಡು ಹೋದದ್ದೂ ಇದೇ ಶ್ರೀಶೈಲವನ್ನು. ಮರಗಾಲು ಕಟ್ಟಿಕೊಂಡು ನಡೆಯುವವರೂ ಇದ್ದಾರೆ. ಎಲ್ಲವೂ ಮಾರ್ಚ್, ಏಪ್ರಿಲ್‌ನ ಬಿಸಿಲಿನಲ್ಲಿ. ಅಂದರೆ ಕೆರೆ, ಹಳ್ಳ ಬತ್ತುವ ಕಾಲದಲ್ಲೇ.

ಇಡೀ ದಾರಿ ನಡೆಯುವಷ್ಟು ರಜೆ ನನಗಿರಲಿಲ್ಲ. 2025ರಲ್ಲಿ ಯುಗಾದಿ ಮಾರ್ಚ್ 30ಕ್ಕೆ ಇತ್ತು. ಇಂಟರ್ನಲ್ಸ್ ಮುಗಿದ ಮೇಲೆ, ಅಟೆಂಡೆನ್ಸ್ ಹೋದರೆ ಹೋಗಲಿ ಎಂದು ಮನೆ ಹತ್ತಿರದ ಬಳ್ಳಾರಿ ರಸ್ತೆಯಲ್ಲೇ ಕರ್ನೂಲು ಬಸ್ ಹತ್ತಿದೆ. ಅಲ್ಲಿಂದ ಆತ್ಮಕೂರಿಗೆ ಹೋಗಿ ಕಾಕಾನ ಗುಂಪು ಸೇರಿಕೊಂಡೆ. ನನ್ನನ್ನು ಬಿಟ್ಟು ಹತ್ತು ಜನ. ಅಲ್ಲಿಯವರೆಗಿನ ದಾರಿ ಬಹುತೇಕ ಊರುಗಳ ನಡುವಿನ ದಾರಿ. ಊರೂರಿನಲ್ಲಿ ಮಜ್ಜಿಗೆ, ನೀರು, ಊಟ ಇಟ್ಟುಕೊಂಡು ದಾಸೋಹ ಮಾಡುವವರು ಇರುತ್ತಾರೆ. ಆತ್ಮಕೂರು ದಾಟಿ ವೆಂಕಟಾಪುರಂ ಬಿಟ್ಟ ಮೇಲೆ ನಲ್ಲಮಲ ಕಾಡು. ನಾಗಾರ್ಜುನಸಾಗರ-ಶ್ರೀಶೈಲಂ ಹುಲಿ ಸಂರಕ್ಷಿತ ಪ್ರದೇಶ. ಊರುಗಳಿಲ್ಲ, ಅಂಗಡಿಗಳಿಲ್ಲ. ಸಾಮಾನಿನ ಗಾಡಿ ರಸ್ತೆ ಹಿಡಿದು ಸುತ್ತಿಕೊಂಡು ಶ್ರೀಶೈಲಕ್ಕೆ ಹೋಗುತ್ತದೆ. ನಡೆಯುವವರ ಬಳಿ ಹೆಗಲಿನ ಚೀಲ ಮಾತ್ರ.

ಕಾಡಿನ ನಿಲ್ದಾಣಗಳ ಹೆಸರನ್ನು ಕಾಕಾ ಮೊದಲ ದಿನವೇ ಬಾಯಿಪಾಠ ಮಾಡಿಸಿದರು. ನಾಗಲೂಟಿ, ದಾಮೆರ್ಲಕುಂಟ, ಪೆದ್ದಚೆರುವು, ಮಠಂಬಾವಿ, ಭೀಮುನಿಕೊಲನು, ಕೈಲಾಸದ್ವಾರ. ಎರಡನೇ ಸಲ ಹೇಳುವಾಗ ನನಗೆ ಹೊಳೆಯಿತು: ಕುಂಟ ಅಂದರೆ ಕುಂಟೆ, ಚೆರುವು ಅಂದರೆ ಕೆರೆ, ಬಾವಿ ಬಾವಿಯೇ, ಕೊಲನು ಅಂದರೆ ಕೊಳ. ದಾರಿಯ ಹೆಸರುಗಳಲ್ಲಿ ಹೆಚ್ಚಿನವು ನೀರಿನ ಹೆಸರುಗಳು! ಮ್ಯಾಪ್ ಇಲ್ಲದ ಕಾಲದವರು ನೀರು ಇರುವ ಜಾಗವನ್ನೇ ನಿಲ್ದಾಣ ಮಾಡಿಕೊಂಡು, ಅದರ ಹೆಸರನ್ನೇ ನಕ್ಷೆಯ ಹಾಗೆ ಬಾಯಿಂದ ಬಾಯಿಗೆ ದಾಟಿಸಿದ್ದಾರೆ. 14ನೇ ಶತಮಾನದಲ್ಲಿ ರೆಡ್ಡಿ ಅರಸ ಪ್ರೋಲಯ ವೇಮಾರೆಡ್ಡಿ ಶ್ರೀಶೈಲಕ್ಕೆ ಮೆಟ್ಟಿಲು ಕಟ್ಟಿಸಿದ. ಅದಕ್ಕೂ ಮೊದಲಿನಿಂದ ಜನ ನಡೆಯುತ್ತಿದ್ದುದು ನೀರಿನಿಂದ ನೀರಿಗೆ.

‘ಹಂಗಾದ್ರ ಹೆಸರು ಗೊತ್ತಿದ್ರ ಸಾಕಲ್ಲ ಕಾಕಾ?’ ಎಂದೆ.

‘ಹೆಸರಿನ್ಯಾಗ ನೀರು ಇರತೈತಿ, ಕೆರಿಯಾಗ ಇರೂದಿಲ್ಲ’ ಎಂದರು. ‘ಅಲ್ಲಿ ನೀರು ಐತಿ ಅಂತ ಕೇಳಬ್ಯಾಡ. ಇವತ್ತ ಐತೇನು ಅಂತ ಕೇಳು. ಹ್ವಾದ ವರ್ಷದ ನೀರು ಈ ವರ್ಷದ ಬಾಯಿ ತೊಯ್ಸಂಗಿಲ್ಲ.’

ಹಾಗಾಗಿ ಅವರು ಕೇಳುತ್ತಲೇ ಇರುತ್ತಿದ್ದರು. ಒಂದು ದಿನ ಮುಂದೆ ಹೋದ ಗುಂಪುಗಳ ಇಬ್ಬರು ಮೂವರ ಫೋನ್ ನಂಬರ್ ಅವರ ಬಳಿ ಇತ್ತು. ಕಾಡು ಹೊಕ್ಕ ಮೇಲೆ ಸಿಗ್ನಲ್ ಸಿಗುವುದಿಲ್ಲ ಎಂದು ಹಿಂದಿನ ಸಂಜೆಯೇ ಎಲ್ಲರಿಗೂ ಫೋನ್ ಮಾಡಿದರು. ಎಲ್ಲಿ ಟ್ಯಾಂಕರ್ ಬಂದಿದೆ, ಎಲ್ಲಿ ಸಾಲು ಉದ್ದ ಇದೆ, ಎಲ್ಲಿ ನೀರು ಕಡಿಮೆ ಎಂದು ಒಂದು ಚೀಟಿಯಲ್ಲಿ ಬರೆಸಿಕೊಂಡರು. ಬರೆದವನು ನಾನೇ. ಪ್ರತಿ ಹೆಸರಿನ ಪಕ್ಕ ಯಾವ ದಿನ, ಎಷ್ಟು ಹೊತ್ತಿಗೆ ನೋಡಿದ ಸುದ್ದಿ ಎಂದೂ ಬರೆಯಬೇಕಿತ್ತು.

ಆ ರಾತ್ರಿ ಊಟದ ಮೇಲೆ ಎಲ್ಲರೂ ತಮ್ಮ ಬಾಟಲಿ, ಕ್ಯಾನುಗಳನ್ನು ನಡುವೆ ತಂದಿಟ್ಟರು. ಇದು ಅವರ ಗುಂಪಿನ ಪದ್ಧತಿ. ಹನ್ನೊಂದು ಜನರಿಂದ 34 ಲೀಟರ್. ಅದರಲ್ಲಿ ತಲಾ ಒಂದು ಬಾಟಲಿಗೆ ಕೆಂಪು ದಾರ ಕಟ್ಟಿದರು. ಅದು ‘ಮುಟ್ಟದ ಬಾಟ್ಲಿ’. ಮುಂದಿನ ನೀರನ್ನು ಕಣ್ಣಿಂದ ಕಾಣುವವರೆಗೆ ಅದರ ಮುಚ್ಚಳ ತೆಗೆಯುವಂತಿಲ್ಲ. ನನಗೆ ಅಮ್ಮನ ಡ್ರಮ್ ನೆನಪಾಯಿತು. ನನ್ನ ಬ್ಯಾಗಿನಲ್ಲಿದ್ದ ಇನ್ನೊಂದು ಚಿಕ್ಕ ಬಾಟಲಿಯೂ ನೆನಪಾಯಿತು. ಅದನ್ನೂ ತೆಗೆದು ನಡುವೆ ಇಟ್ಟೆ.

ಎರಡನೇ ದಿನ ಬೆಳಿಗ್ಗೆ ಹತ್ತರ ಸುಮಾರಿಗೆ ನಾವು ನಂಬಿಕೊಂಡಿದ್ದ ಒಂದು ಕಡೆ ನೀರು ಇರಲಿಲ್ಲ. ಯಾರ ತಪ್ಪೂ ಅಲ್ಲ. ನಮಗಿಂತ ಮುಂದೆ ಹೋದವರು ಅಷ್ಟು ಜನ, ಕುಡಿದು ಮುಗಿಸಿದ್ದರು. ಮುಂದಿನ ಟ್ಯಾಂಕರ್ ಯಾವಾಗ ಎಂದು ಯಾರಿಗೂ ಗೊತ್ತಿಲ್ಲ. ಬಿಸಿಲು ಆಗಲೇ ಚುರುಗುಟ್ಟುತ್ತಿತ್ತು. ನನ್ನ ಎದೆ ಡವಡವ ಅನ್ನತೊಡಗಿತು. ಫೆಬ್ರುವರಿಯ ಬಂಡೆ ಕಣ್ಣ ಮುಂದೆ ಬಂತು. ಆದರೆ ಗುಂಪಿನಲ್ಲಿ ಗಾಬರಿ ಇರಲಿಲ್ಲ. ಎಲ್ಲರನ್ನೂ ನೆರಳಿಗೆ ಕೂರಿಸಿ ಕಾಕಾ ಮತ್ತೆ ಲೆಕ್ಕ ಹಾಕಿದರು. ದಾರದ ಬಾಟಲಿ ಬಿಟ್ಟು 9 ಲೀಟರ್, ದಾರದ್ದು 11. ಬಿಸಿಲು ಇಳಿಯುವವರೆಗೆ ಕದಲುವುದು ಬೇಡ ಎಂದು ತೀರ್ಮಾನ. ಪಕ್ಕದಲ್ಲಿ ಇನ್ನೊಂದು ಊರಿನ ಗುಂಪಿನ ಅಜ್ಜಿಯೊಬ್ಬರು ಖಾಲಿ ಬಾಟಲಿ ಹಿಡಿದು ಕೂತಿದ್ದರು. ಕಾಕಾ ನನ್ನ ಕಡೆ ನೋಡಿದರು. ಏನೂ ಹೇಳಲಿಲ್ಲ. ನಾನು ನನ್ನ ದಾರದ ಬಾಟಲಿ ಬಿಚ್ಚಿ ಅರ್ಧ ಸುರಿದುಕೊಟ್ಟೆ. ‘ಮಲ್ಲಯ್ಯ ನಿನಗ ಛಲೋ ಮಾಡ್ಲಿ’ ಎಂದರು ಅಜ್ಜಿ. ಸಂಜೆ ನಾಲ್ಕೂವರೆಗೆ ಎದ್ದು ನಡೆದೆವು. ಕತ್ತಲಾಗುವ ಹೊತ್ತಿಗೆ ಮುಂದಿನ ನೀರು ಸಿಕ್ಕಿತು, ನಮ್ಮ ಬಳಿ ಇನ್ನೂ ನಾಲ್ಕು ಲೀಟರ್ ಉಳಿದಿತ್ತು.

ನನ್ನಲ್ಲಿ ಔದಾರ್ಯ ಬೆಳೆಯಿತು ಎಂದು ಹೇಳಲು ಇದನ್ನು ಬರೆಯುತ್ತಿಲ್ಲ. ಫೆಬ್ರುವರಿಯಲ್ಲಿ ಬಾಟಲಿ ಮುಚ್ಚಿಟ್ಟವನೂ ನಾನೇ, ಮಾರ್ಚ್‌ನಲ್ಲಿ ಬಿಚ್ಚಿದವನೂ ನಾನೇ. ನಡುವೆ ಬದಲಾದದ್ದು ಒಂದೇ. ಎರಡನೇ ಸಲ ಗುಂಪಿನ ಒಟ್ಟು ನೀರು ಎಷ್ಟು ಎಂದು ನನಗೆ ಗೊತ್ತಿತ್ತು, ಹಾಗಾಗಿ ಕೊಡಲು ಹೆದರಿಕೆ ಆಗಲಿಲ್ಲ.

ಲೆಕ್ಕ ಕಷ್ಟದ್ದಲ್ಲ

ಈ ಲೆಕ್ಕಕ್ಕೆ ಇಂಜಿನಿಯರಿಂಗ್ ಬೇಡ, ಏಳನೇ ತರಗತಿಯ ಗಣಿತ ಸಾಕು. ನೀರನ್ನು ಕಿಲೋಮೀಟರಿನಲ್ಲಿ ಅಳೆಯಬೇಡಿ, ಗಂಟೆಯಲ್ಲಿ ಅಳೆಯಿರಿ. ಆರು ಕಿ.ಮೀ. ಸಮತಟ್ಟು ದಾರಿ ಒಂದೂವರೆ ಗಂಟೆ. ಅದೇ ಆರು ಕಿ.ಮೀ. ಕಡಿದಾದ ಏರು ನಾಲ್ಕು ಗಂಟೆ. ಗಂಟೆಯನ್ನೂ ಗುಂಪಿನಲ್ಲಿ ಎಲ್ಲರಿಗಿಂತ ನಿಧಾನವಾಗಿ ನಡೆಯುವವರ ಕಾಲಿನಿಂದ ಅಳೆಯಬೇಕು, ಫಾಸ್ಟ್ ಆಗಿ ನಡೆಯುವವನ ಕಾಲಿನಿಂದಲ್ಲ. ತಂಪು ಹೊತ್ತಿನಲ್ಲಿ ಗಂಟೆಗೆ ಅರ್ಧ ಲೀಟರ್, ಬಿಸಿಲಿನಲ್ಲಿ ಏರುವಾಗ ಒಂದು ಲೀಟರಿನವರೆಗೆ ಎನ್ನುವುದು ಸಾಮಾನ್ಯ ಅಂದಾಜು. ಅದರ ಮೇಲೆ ಒಂದು ಲೀಟರ್ ದಾರ ಕಟ್ಟಿದ್ದು. ನಮ್ಮ ಫೆಬ್ರುವರಿಯ ಬೆಟ್ಟಕ್ಕೆ ಈ ಲೆಕ್ಕ ಹಾಕಿದರೆ ನಾಲ್ಕು ಗಂಟೆಗೆ ತಲಾ ಮೂರೂವರೆ ಲೀಟರ್ ಬೇಕಿತ್ತು. ನಾವು ಒಯ್ದದ್ದು ಒಂದು.

ಒಂದು ಲೀಟರ್ ನೀರು ಒಂದು ಕಿಲೋ ತೂಕ. ಆದ್ದರಿಂದ ಇದ್ದಷ್ಟೂ ಹೊರುವುದು ಜಾಣತನವಲ್ಲ. ಭಾರ ಹೆಚ್ಚಾದಷ್ಟೂ ಬೆವರು ಹೆಚ್ಚು. ಕಡಿಮೆ ನೀರಿನಲ್ಲಿ ಸಾಗುವ ದಾರಿ ಎಂದರೆ ಹೊತ್ತನ್ನು ಬದಲಾಯಿಸುವುದು. ಕಾಕಾನ ಗುಂಪು ನಸುಕಿನಲ್ಲಿ ಹೊರಟು ಹತ್ತು ಗಂಟೆಯೊಳಗೆ ದಿನದ ಮುಕ್ಕಾಲು ದಾರಿ ಮುಗಿಸುತ್ತಿತ್ತು. ನಡು ಮಧ್ಯಾಹ್ನ ನೆರಳು, ನಿದ್ದೆ. ನಾವು ರೈಲು ತಪ್ಪಿಸಿಕೊಂಡ ಆ ಎರಡೂವರೆ ಗಂಟೆಯೇ ಗೆಳೆಯನನ್ನು ಮಲಗಿಸಿದ್ದು. ಹೊರಡುವುದು ತಡವಾದರೆ ಟ್ರೆಕ್ ಮುಂದಕ್ಕೆ ಹಾಕಬೇಕು ಎನ್ನುವುದೂ ನೀರಿನ ಪ್ಲ್ಯಾನಿನ ಭಾಗವೇ.

ನೀರು ಸಿಕ್ಕಲ್ಲಿ ಹೊಟ್ಟೆ ತುಂಬ ಕುಡಿದು, ಅರ್ಧ ಗಂಟೆ ಕೂತು, ಆಮೇಲೆ ಬಾಟಲಿ ತುಂಬಿಕೊಂಡು ಹೊರಡಬೇಕು. ಬಾಯಾರಿಕೆ ಆದಾಗ ಕುಡಿಯದೆ ‘ಉಳಿಸುವುದು’ ಒಳ್ಳೆಯದಲ್ಲ. ಬಾಟಲಿಯಲ್ಲಿ ನೀರಿದ್ದೂ ಬಿದ್ದವರಿದ್ದಾರೆ. ಹಾಗೆಯೇ ಬೆವರಿನಲ್ಲಿ ಉಪ್ಪೂ ಹೋಗುತ್ತದೆ. ಬರೀ ನೀರನ್ನೇ ಲೀಟರುಗಟ್ಟಲೆ ಕುಡಿದರೆ ರಕ್ತದ ಸೋಡಿಯಂ ಇಳಿದು ಅದೂ ಅಪಾಯ. ಮೆಡಿಕಲ್ ಶಾಪಿನ ಓಆರ್‌ಎಸ್ ಪೊಟ್ಟಣ ಎರಡು ಬ್ಯಾಗಿನಲ್ಲಿರಲಿ. ತಲೆನೋವು, ವಾಕರಿಕೆ, ತಲೆ ಸುತ್ತು ಕಂಡರೆ ನಿಲ್ಲಿ, ನೆರಳಿಗೆ ಸೇರಿಸಿ, ಮೈ ಒದ್ದೆ ಮಾಡಿ. ಮಾತು ತೊದಲಿದರೆ, ಏನು ಹೇಳುತ್ತಿದ್ದೇನೆಂಬ ಅರಿವು ತಪ್ಪಿದರೆ ಅದು ಬಿಸಿಲಾಘಾತ. ಮೈ ತಂಪು ಮಾಡುತ್ತಲೇ 108ಕ್ಕೆ ಫೋನ್ ಮಾಡಬೇಕು. ಪ್ರಜ್ಞೆ ಸರಿಯಿಲ್ಲದವರ ಬಾಯಿಗೆ ನೀರು ಹಾಕಬಾರದು.

ಬಂಡೆಯ ದೊಣೆಯಲ್ಲೋ ಕಾಡಿನ ಕುಂಟೆಯಲ್ಲೋ ನೀರು ಕಂಡರೆ ಅದನ್ನು ಹಾಗೇ ಕುಡಿಯಬೇಡಿ. ಕುದಿಸಿ, ಇಲ್ಲವೇ ಕ್ಲೋರಿನ್ ಮಾತ್ರೆ ಹಾಕಿ ಅರ್ಧ ಗಂಟೆ ಕಾಯಿರಿ. ಅದರಲ್ಲಿ ಸೋಪು ಹಾಕಿ ಮುಖ ತೊಳೆಯಲೂ ಬೇಡಿ. ಮಾರ್ಚ್‌ನಲ್ಲಿ ಆ ಒಂದು ಕುಂಟೆಯನ್ನು ನಂಬಿಕೊಂಡ ಪ್ರಾಣಿಗಳಿಗೆ ಬೇರೆ ಅಂಗಡಿ ಇಲ್ಲ. ನಲ್ಲಮಲದ ದಾರಿಯ ಎರಡೂ ಬದಿ ನಾನು ನೋಡಿದ ಖಾಲಿ ನೀರಿನ ಪೊಟ್ಟಣ, ಬಾಟಲಿಗಳು ಬೇಸರ ತರಿಸಿದವು. ತುಂಬಿದ ಬಾಟಲಿಯನ್ನು ಹೊತ್ತು ಬಂದವರಿಗೆ ಖಾಲಿ ಬಾಟಲಿ ಭಾರವಾಗುವುದು ಹೇಗೆ?

ಅಂಗಡಿ, ಮ್ಯಾಪು, ದಾಸೋಹ

ಇದಕ್ಕೆ ನನ್ನ ಗೆಳೆಯರು ಹೇಳುವ ಮಾತು ಮೂರು. ಒಂದು, ಮೊಬೈಲಿನ ಮ್ಯಾಪ್ ಇದೆಯಲ್ಲ? ಇದೆ, ಆದರೆ ಅದರಲ್ಲಿ ಕಾಣುವ ನೀಲಿ ಬಣ್ಣ ಮಳೆಗಾಲದ್ದೋ ಬೇಸಿಗೆಯದ್ದೋ ಎಂದು ಅದು ಹೇಳುವುದಿಲ್ಲ. ಬೆಂಗಳೂರಿನ ಮ್ಯಾಪಿನಲ್ಲಿ ನೀಲಿಯಾಗಿರುವ ಎಷ್ಟು ಕೆರೆಗಳ ನೀರನ್ನು ನಾವು ಕುಡಿಯಬಲ್ಲೆವು? ಎರಡು, ಅಂಗಡಿ ಇರುತ್ತದೆ. ಭಾನುವಾರ ಇರುವ ನಿಂಬೆ ಪಾನಕದ ಗಾಡಿ ಬುಧವಾರ ಇರಬೇಕೆಂದಿಲ್ಲ. ಮೂರು, ದಾರಿಯಲ್ಲಿ ಯಾರಾದರೂ ಕೊಡುತ್ತಾರೆ. ಈ ಮೂರನೆಯದನ್ನು ನಾನು ಹಗುರವಾಗಿ ತಳ್ಳಿಹಾಕಲಾರೆ. ದಾರಿಹೋಕರಿಗೆ ಅರವಟ್ಟಿಗೆ ಇಡುವುದು ನಮ್ಮಲ್ಲಿ ಹಳೆಯ ಪುಣ್ಯದ ಕೆಲಸ. ಅದಿಲ್ಲದಿದ್ದರೆ ಶ್ರೀಶೈಲದ ದಾರಿಯೇ ಇಲ್ಲ. ಆದರೆ ಕಾಕಾ ಹೇಳುವ ಹಾಗೆ, ದಾಸೋಹ ಸಿಕ್ಕರೆ ಪ್ರಸಾದ. ಅದನ್ನೇ ಲೆಕ್ಕಕ್ಕೆ ಹಿಡಿದು ಹೊರಡುವಂತಿಲ್ಲ.

ಹೊರದೇಶದಲ್ಲೂ ಇದೇ ಪಾಠ. ಅಮೆರಿಕದಲ್ಲಿ ಮೆಕ್ಸಿಕೊ ಗಡಿಯಿಂದ ಕೆನಡಾ ಗಡಿವರೆಗೆ ಸುಮಾರು 4,265 ಕಿ.ಮೀ. ಉದ್ದದ ಪೆಸಿಫಿಕ್ ಕ್ರೆಸ್ಟ್ ಟ್ರೇಲ್ ಇದೆ. ದಕ್ಷಿಣ ಕ್ಯಾಲಿಫೋರ್ನಿಯಾದ ಮೊದಲ ಸಾವಿರಕ್ಕೂ ಹೆಚ್ಚು ಕಿ.ಮೀ. ಬಹುತೇಕ ಒಣ ಸೀಮೆ. ಅಲ್ಲಿ ನಡೆಯುವವರು ಒಂದು ‘ನೀರಿನ ವರದಿ’ ಇಟ್ಟುಕೊಳ್ಳುತ್ತಾರೆ. ಯಾವ ತೊರೆ, ಯಾವ ತೊಟ್ಟಿಯಲ್ಲಿ ನೀರು ಹರಿಯುತ್ತಿದೆ, ಯಾವುದು ಬತ್ತಿದೆ ಎಂದು ನೋಡಿದವರೇ ದಿನಾಂಕ ಹಾಕಿ ಬರೆಯುತ್ತಾರೆ. ದಾನಿಗಳು ದಾರಿಯಲ್ಲಿ ಇಟ್ಟ ಕ್ಯಾನುಗಳನ್ನು ನಂಬಿಕೊಂಡು ಹೊರಡಬೇಡಿ ಎಂದು ಅಲ್ಲೂ ಎಚ್ಚರಿಸುತ್ತಾರೆ. ಓದಿದಾಗ ನನಗೆ ನಗು ಬಂತು. ಇಂಡಿ ಕಡೆಯ ನನ್ನ ಕಾಕಾ ಚೀಟಿಯಲ್ಲಿ ಬರೆಸಿದ್ದೂ ಇದನ್ನೇ.

ಹಾಗಾದರೆ ನಮ್ಮ ರಾಜ್ಯದ ಚಾರಣದ ದಾರಿಗಳಿಗೆ ಇಂಥದ್ದೊಂದು ಏಕೆ ಬೇಡ? 2024ರ ಜನವರಿ ಕೊನೆಯಲ್ಲಿ ಕುಮಾರ ಪರ್ವತಕ್ಕೆ ಸಾವಿರಾರು ಜನ ಒಮ್ಮೆಲೇ ನುಗ್ಗಿದ ವಿಡಿಯೊ ನೋಡಿದ್ದೇವೆ. ಅದರ ನಂತರ ಆನ್‌ಲೈನ್ ಬುಕಿಂಗ್, ದಿನಕ್ಕೆ ಇಷ್ಟೇ ಜನ ಎಂಬ ಮಿತಿ ಬಂತು. ಒಳ್ಳೆಯದೇ. ನನ್ನ ಬೇಡಿಕೆ ಅದಕ್ಕೊಂದು ಸಾಲು ಸೇರಿಸಬೇಕು ಎಂಬುದು: ಟಿಕೆಟ್ ಕೊಡುವ ಪ್ರತಿ ದಾರಿಗೂ ನೀರಿನ ಜಾಗಗಳ ಪಟ್ಟಿ, ಎರಡರ ನಡುವೆ ಎಷ್ಟು ಗಂಟೆ, ಅಲ್ಲಿ ಕೊನೆಯ ಸಲ ನೀರು ನೋಡಿದ ದಿನಾಂಕ. ವಾರಕ್ಕೊಮ್ಮೆ ಆ ದಾರಿಯಲ್ಲಿ ಓಡಾಡುವ ಗಾರ್ಡ್ ಅಥವಾ ಗೈಡ್ ಮೊಬೈಲಿನಿಂದ ಒಂದು ಫೋಟೊ ಕಳಿಸಿದರೆ ಸಾಕು. ಇದಕ್ಕೆ ಕೋಟಿಗಳ ಯೋಜನೆ ಬೇಡ.

ಎರಡನೆಯ ಬೇಡಿಕೆ ನಮ್ಮವರ ಮುಂದೆಯೇ. ವಾರಾಂತ್ಯದಲ್ಲಿ ಟ್ರೆಕ್ ಲೀಡರ್ ಆಗಿ ಕೈಖರ್ಚು ದುಡಿಯುವ ವಿದ್ಯಾರ್ಥಿಗಳು, ಕೆಲಸ ಹುಡುಕುತ್ತಾ ನಡುವೆ ಈ ಕೆಲಸ ಮಾಡುವವರು ನನ್ನ ಪರಿಚಯದಲ್ಲೇ ಇದ್ದಾರೆ. ಇಪ್ಪತ್ತು, ಮೂವತ್ತು ಜನರ ಜೀವ ಅವರ ಕೈಯಲ್ಲಿರುತ್ತದೆ. ಬಸ್ಸಿನಲ್ಲಿ ಅಂತ್ಯಾಕ್ಷರಿ ಆಡಿಸುವ ಮೊದಲು ಎಲ್ಲರ ಬಾಟಲಿ ಎಣಿಸಿ. ನೀರು ಕಡಿಮೆ ತಂದವರನ್ನು ಹತ್ತಲು ಬಿಡಬೇಡಿ. ದುಡ್ಡು ಕೊಟ್ಟು ಬಂದವರು ಮುನಿಸಿಕೊಳ್ಳಬಹುದು. ಮುನಿಸು ಮರುದಿನಕ್ಕೆ ಹೋಗುತ್ತದೆ. ಕಾಲೇಜಿನ ಎನ್‌ಎಸ್‌ಎಸ್, ಟ್ರೆಕ್ಕಿಂಗ್ ಕ್ಲಬ್ಬುಗಳೂ ಹೊರಡುವ ಮೊದಲು ಒಂದು ಪುಟದ ನೀರಿನ ಲೆಕ್ಕ ಬರೆದು ಸಹಿ ಮಾಡುವ ಅಭ್ಯಾಸ ಇಟ್ಟುಕೊಳ್ಳಲಿ. ಪೋಷಕರ ಒಪ್ಪಿಗೆ ಪತ್ರ ಕೇಳುವವರು ಇದನ್ನೂ ಕೇಳಬಹುದು.

ಇಷ್ಟೆಲ್ಲ ನಿಯಮ ಹಾಕಿದರೆ ಬೆಟ್ಟ ಹತ್ತುವ ಖುಷಿಯೇ ಹೋಗುತ್ತದೆ ಎಂದು ನನ್ನ ಕ್ಲಾಸಿನಲ್ಲಿ ವಾದ ಬಂತು. ನನ್ನ ಅನುಭವ ಬೇರೆ. ಭೀಮುನಿಕೊಲನು ದಾಟಿ ಮೆಟ್ಟಿಲು ಹತ್ತಿ ಕೈಲಾಸದ್ವಾರ ಕಂಡಾಗ ನಮ್ಮ ಗುಂಪಿನಲ್ಲಿ ಹಾಡು ಹೇಳುವಷ್ಟು ಉಸಿರು ಎಲ್ಲರಿಗೂ ಉಳಿದಿತ್ತು. ಲೆಕ್ಕ ಹಾಕದೆ ಹತ್ತಿದ ಬೆಟ್ಟದಲ್ಲಿ ನಮ್ಮ ಬಳಿ ಉಳಿದದ್ದು ಒಂದು ರೀಲ್ಸ್ ಮತ್ತು ಯಾರೂ ತೆಗೆಯದ ಒಂದು ಮಾತು.

ಆ ಮಾತನ್ನು ನಾನೇ ತೆಗೆದೆ. ಊರಿಂದ ಬಂದ ವಾರ ಕ್ಯಾಂಟೀನಿನಲ್ಲಿ ಗೆಳೆಯನಿಗೆ, ‘ನೀನು ಕೂತಾಗಲೇ ನನ್ನ ಹತ್ರ ನೀರಿತ್ತು, ಕೊಡಲಿಲ್ಲ’ ಎಂದು ಹೇಳಿದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, ‘ನನ್ನ ಹತ್ರ ಇದ್ದಿದ್ರೆ ನಾನೂ ಕೊಡ್ತಿದ್ನೋ ಇಲ್ವೋ’ ಎಂದ. ಆಮೇಲೆ ಟೀ ಹೇಳಿದ.

ಮಳೆಗಾಲ ಮುಗಿದು ಹುಲ್ಲು ಹಳದಿಯಾಗುತ್ತಿದ್ದಂತೆ ನಮ್ಮ ಗ್ರೂಪಿನಲ್ಲಿ ಮತ್ತೆ ಮೆಸೇಜ್ ಶುರುವಾಗುತ್ತದೆ. ನಿಮ್ಮದರಲ್ಲೂ ಆಗುತ್ತದೆ. ಎಷ್ಟು ಗಂಟೆಗೆ, ಎಲ್ಲಿ ಸೇರೋಣ, ತಲಾ ಎಷ್ಟು ಎಂದು ಎಲ್ಲರೂ ಕೇಳುತ್ತಾರೆ. ಅವುಗಳ ನಡುವೆ ನೀವೊಬ್ಬರು ಇದನ್ನೂ ಕೇಳಿ: ಮುಂದಿನ ನೀರು ಎಲ್ಲಿ? ಅದು ಅಲ್ಲಿದೆ ಎಂದು ಕಣ್ಣಾರೆ ನೋಡಿದವರು ಯಾರು, ಯಾವತ್ತು? ಉತ್ತರ ಬಾರದಿದ್ದರೆ ಆ ಭಾನುವಾರ ಮನೆಯಲ್ಲೇ ಇರಿ. ಬೆಟ್ಟ ಎಲ್ಲಿಗೂ ಹೋಗುವುದಿಲ್ಲ.